ಫುಗಡಿಗೆ ಮೊದಲು ಕೈ ಹಿಡಿಯುವುದು

ನಾಶಿಕ ಜಿಲ್ಲೆಯ ಇಗತಪುರಿ ತಾಲೂಕಿನ ಘೋಟಿ, ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿರುವ ಅಕ್ಕಿ ಪೇಟೆ. ಸುತ್ತ ಭತ್ತದ ಗದ್ದೆ. ಆಗ್ನೇಯಕ್ಕೆ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರು. ಶ್ರಾವಣದಲ್ಲಿ ಇಲ್ಲಿ ಮಳೆಗೆ ಬಿಡುವಿಲ್ಲ, ಹೆಣ್ಣುಮಕ್ಕಳ ಆಟವೆಲ್ಲ ಮನೆಯ ಪಡಸಾಲೆಯಲ್ಲೇ. ಕೆಳಗೆ ಮಾತಾಡುತ್ತಿರುವವರು ಇಬ್ಬರು. ಒಬ್ಬರು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ಘೋಟಿಯಲ್ಲಿ ನೆಲೆಸಿದ ಹಿರಿಯರು. ಇನ್ನೊಬ್ಬಳು ಬೆಂಗಳೂರಿನಲ್ಲಿ ಬೆಳೆದ, ಅವರನ್ನು ಮರಾಠಿಯಲ್ಲಿ ‘ಮೌಶಿ’ (ಚಿಕ್ಕಮ್ಮ) ಎಂದು ಕರೆಯುವ ಅಕ್ಕನ ಮಗಳು, ನಾಶಿಕದ ಮರಾಠಿ ಮನೆತನಕ್ಕೆ ಹೊಸದಾಗಿ ಸೊಸೆಯಾಗಿ ಬಂದವಳು.

ಹುಡುಗಿ — ಮೌಶಿ, ಬರೋ ಮಂಗಳವಾರ ನನ್ನ ಮೊದಲ ಮಂಗಳಗೌರಿ. ಪೂಜೆ ಗೊತ್ತು, ಅಮ್ಮ ಮಾಡೋದನ್ನ ನೋಡಿದೀನಿ. ತಂಬಿಟ್ಟಿನ ದೀಪ, ಅದರ ಮೇಲೆ ಕಾಡಿಗೆ ಹಿಡಿಯೋದು, ಐದು ವರ್ಷದ ವ್ರತ, ಎಲ್ಲ ನಮ್ಮಲ್ಲೂ ಇದೆ. ಆದರೆ ನಮ್ಮನೇಲಿ ಪೂಜೆ, ಊಟ ಆದ್ರೆ ಮುಗೀತು. ಇಲ್ಲಿ ರಾತ್ರಿಯಿಡೀ ಆಡ್ತಾರಂತೆ. ಇಬ್ಬರು ಕೈ ಹಿಡಿದು ಗಿರ್ರನೆ ತಿರುಗ್ತಾರಲ್ಲ, ನಂಗೆ ಆ ಫುಗಡಿಯ ಹೆಜ್ಜೆ ಹೇಳ್ಕೊಡಿ.

ಮೌಶಿ — ಹೆಜ್ಜಿ ಆಮ್ಯಾಲೆ. ಮೊದಲ ಕೈ ಕೊಡು. ಎರಡೂ ಕೊಡು. ನಿನ್ನ ಬಲಗೈ ನನ್ನ ಬಲಗೈಯಾಗ, ನಿನ್ನ ಎಡಗೈ ನನ್ನ ಎಡಗೈಯಾಗ. ಆವಾಗ ಕತ್ತರಿ ತಾನ ಬೀಳತದ. ನೋಡು, ನಾಲ್ಕೂ ಕೈ ಇಬ್ಬರ ನಡುವ ಒಂದ ಕಡಿ ಬಂದ್ವು.

ಹುಡುಗಿ — ನೇರವಾಗಿ ಹಿಡಿದ್ರೆ ಏನಾಗುತ್ತೆ? ಚಿಕ್ಕವರಿದ್ದಾಗ ಹಾಗೂ ಹಿಡ್ಕೊಂಡು ತಿರುಗ್ತಿದ್ವಿ.

ಮೌಶಿ — ಸಣ್ಣ ಹುಡುಗ್ಯಾರಿಗೆ ಅದು ನಡೀತದ, ಅವರ ಮೈಯಾಗ ಭಾರಿಲ್ಲ. ದೊಡ್ಡವರು ನೆಟ್ಟಗ ಹಿಡಿದ್ರ ಒಂದೊಂದು ಕೈ ಒಂದೊಂದು ಭುಜದ ನೇರಕ ಇರತದ. ಒಂದು ಜಾರಿತು ಅಂದ್ರ ಇನ್ನೊಂದು ಭುಜದಿಂದ ಜಗ್ಗಿ ಮೈಯೆಲ್ಲಾ ಹೊರಳಿ ಬೀಳತಿ. ಕತ್ತರಿ ಹಾಕಿದ್ರ ಹಂಗಾಗೂದಿಲ್ಲ. ಎರಡೂ ಹಿಡಿತ ಎದಿಯ ನಡುವಿನ ಗೆರಿಗೆ ಹತ್ತಿರ ಇರತಾವ. ಒಂದು ತಪ್ಪಿದ್ರೂ ಇನ್ನೊಂದು ನಿನ್ನನ್ನ ನೆಟ್ಟಗ ಇಟ್ಟಿರತದ, ನಿಲ್ಲಸಲಿಕ್ಕೆ ವ್ಯಾಳ್ಯಾ ಸಿಗತದ. ಇದನ್ನ ಯಾರು ಮೊದಲ ಕಂಡುಹಿಡಿದ್ರೋ, ಆ ಹೆಣ್ಣುಮಗಳಿಗೆ ಒಂದು ನಮಸ್ಕಾರ ಹಾಕಬೇಕು.

ಹುಡುಗಿ — ಬೆರಳು? ಬೆರಳೊಳಗೆ ಬೆರಳು ಹೆಣೆದು ಹಿಡೀಲಾ?

ಮೌಶಿ — ಅದೊಂದು ಬ್ಯಾಡ. ಹೆಣದ ಬೆರಳು ಒಮ್ಮೆಲೆ ಬಿಚ್ಚೂದಿಲ್ಲ, ಬಿದ್ರ ಬೆರಳ ಸಂದು ತಿರುಚತದ. ನಾಲ್ಕು ಬೆರಳು ಮಡಚಿ ಕೊಂಡಿ ಮಾಡು. ನನ್ನ ಕೊಂಡಿ ನಿನ್ನ ಕೊಂಡಿಯಾಗ ಕೂಡಲಿ. ಅದರ ಮ್ಯಾಲೆ ಹೆಬ್ಬೆರಳು ಮುಚ್ಚು. ಅಂಗೈ ಒಣಗಿರಬೇಕು. ಉಂಗುರ ತಗದಿಡು. ಉಗುರು ಇವತ್ತ ತಗಿ, ಅವತ್ತ ಮೆಹಂದಿ ಹಚ್ಚಿಕೊಂಡ ಮ್ಯಾಲೆ ಮನಸಾಗೂದಿಲ್ಲ ನಿನಗ.

ಹುಡುಗಿ — ಬಳೆ? ಮದುವೆಯಲ್ಲಿ ಇಟ್ಟ ಹಸಿರು ಗಾಜಿನ ಬಳೆ ಮೊಣಕೈತನಕ ಇದಾವೆ.

ಮೌಶಿ — ಮ್ಯಾಲೆ ಸರಸಿ ಒಂದು ಅರಿವಿ ಕಟ್ಟು. ಇಲ್ಲಂದ್ರ ಇಬ್ಬರ ಮುಂಗೈ ಕೂಡೂ ಕಡೆನ ಅವು ಒಡೀತಾವ. ಬಳಿ ಒಡದ್ರ ಅಪಶಕುನ ಅಂತ ಹೆದರೂ ಮಂದಿ ಅದಾರ, ಹಂಗಾಗಿ ಯಾರೂ ಆ ಮಾತ ಎತ್ತೂದಿಲ್ಲ. ನಾ ಎತ್ತತೀನಿ. ಗಾಜು ಮುಂಗೈಯ ರಕ್ತನಾಳದ ಮ್ಯಾಲೆ ಒಡೀತದ, ಅದು ಶಕುನದ ಮಾತಲ್ಲ.

ಹುಡುಗಿ — ಬೆಂಗಳೂರಲ್ಲಿ ಸಾಲ್ಸಾ ಕ್ಲಾಸಿಗೆ ಹೋಗ್ತಿದ್ದೆನಲ್ಲ, ಅಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಹೆಬ್ಬೆರಳು ಮುಚ್ಚೋ ಹಾಗೇ ಇಲ್ಲ. ಬೆರಳು ಬರೀ ಕೊಂಡಿ, ಸಡಿಲವಾಗಿ. ಯಾಕೆಂದ್ರೆ ಜೊತೆಗಾರ್ತಿ ತನ್ನ ಸುತ್ತ ತಾನು ತಿರುಗುವಾಗ ಅವಳ ಕೈ ಅವನ ಕೈಯೊಳಗೇ ಹೊರಳಬೇಕು. ಹೆಬ್ಬೆರಳಿಂದ ಬಿಗಿದ್ರೆ ಮಣಿಕಟ್ಟು ತಿರುಚುತ್ತೆ. ಎದುರಾಎದುರು ಎರಡು ಕೈ ಹಿಡಿಯೋದು, ಬಲಕ್ಕೆ ಬಲ ಹಿಡಿಯೋದು, ಎರಡನ್ನೂ ಅಡ್ಡ ಹಾಕಿ ಹಿಡಿಯೋದು, ಇಷ್ಟೇ ಅಲ್ಲಿ ಮೊದಲ ಪಾಠ.

ಮೌಶಿ — ಅಡ್ಡ ಹಿಡಿಯೂದು ಅಲ್ಲೂ ಅದ?

ಹುಡುಗಿ — ಇದೆ. ಸ್ಕಾಟ್ಲೆಂಡಿನ ಕೂಟನೃತ್ಯಗಳಲ್ಲೂ ಇಬ್ಬರು ಕೈ ಅಡ್ಡ ಹಾಕಿ ಗಿರ್ರನೆ ತಿರುಗ್ತಾರೆ. ನೋಡೋಕೆ ಹೆಚ್ಚುಕಮ್ಮಿ ಫುಗಡಿಯೇ. ಆದರೆ ಸಾಲ್ಸಾದಲ್ಲಿ ಹಿಡಿತದ ಕೆಲಸ ಬೇರೆ. ಅಲ್ಲಿ ಒಬ್ಬರು ನಡೆಸ್ತಾರೆ, ಇನ್ನೊಬ್ಬರು ಅನುಸರಿಸ್ತಾರೆ. ಈಗ ಎಡಕ್ಕೆ, ಈಗ ತಿರುಗು ಅನ್ನೋ ಸೂಚನೆ ಕೈಯಿಂದ ಕೈಗೆ ಹೋಗ್ಬೇಕು. ವಾಲ್ಟ್ಜ್‌ನಲ್ಲಿ ಇನ್ನೂ ಹತ್ತಿರ, ಗಂಡಿನ ಬಲಗೈ ಹೆಣ್ಣಿನ ಬೆನ್ನ ಮೇಲೆ ಇರುತ್ತೆ. ಆ ಹಿಡಿತಕ್ಕೇ 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಸಿಡುಕಿತ್ತು. ರಾಜಮನೆತನದ ಕೂಟದಲ್ಲಿ ಅದನ್ನ ಕುಣಿದದ್ದು ಅಸಭ್ಯ ಅಂತ ಬರೆದಿತ್ತು.

ಮೌಶಿ — ಇರ್ಲಿ. ಫುಗಡಿಯಾಗ ನಡಸೂವರು ಯಾರೂ ಇಲ್ಲ, ಇದನ್ನ ಗಟ್ಟಿ ಮಾಡಿಕೋ. ಅತ್ತಿ ಸೊಸಿ ಆಡಿದ್ರೂ ಇಬ್ಬರೂ ಸರಿಸಮ. ಅತ್ತಿ ಜಗ್ಗತಾಳ ಅಂತ ನೀ ಸಡಿಲ ಬಿಟ್ರ ಇಬ್ಬರೂ ಬೀಳತೀರಿ. ಆಕಿ ಎಷ್ಟು ಭಾರ ಕೊಡತಾಳೋ ಅಷ್ಟ ನೀ ತಿರುಗಿ ಕೊಡಬೇಕು. ಮನ್ಯಾಗ ಸೊಸಿಗೆ ಇಷ್ಟು ಸಮಪಾಲು ಸಿಗೂ ಜಾಗ ಇನ್ನೊಂದಿಲ್ಲ, ಅದಕ್ಕ ನನಗ ಈ ಆಟದ ಮ್ಯಾಲೆ ಇಷ್ಟು ಜೀವ.

ಹುಡುಗಿ — ಎಷ್ಟು ಭಾರ ಬರುತ್ತೆ ಅಂತ ಲೆಕ್ಕ ಹಾಕ್ಬಹುದು. ಅರವತ್ತು ಕಿಲೋ ತೂಕದವಳು ಅಂದ್ಕೊಳ್ಳಿ. ಮೈಭಾರದ ನಡುಬಿಂದು ತಿರುಗೋ ಅಕ್ಷದಿಂದ ಅರ್ಧ ಮೀಟರ್ ದೂರ. ಒಂದೂವರೆ ಸೆಕೆಂಡಿಗೆ ಒಂದು ಸುತ್ತು. ಆಗ ಅವಳನ್ನ ಹೊರಗೆ ಹಾರಿಹೋಗದ ಹಾಗೆ ಹಿಡಿಯೋಕೆ ಬೇಕಾದ ಬಲ ಸುಮಾರು ಐವತ್ತು ಕಿಲೋ ಭಾರ ಎತ್ತೋದಕ್ಕೆ ಸಮ. ಹಿಂದಕ್ಕೆ ಬಾಗಿದ್ದು ಬೇರೆ ಸೇರಿದ್ರೆ ಇನ್ನೂ ಹೆಚ್ಚು. ಅದು ಬಹುಪಾಲು ಕೈಗಳ ಮೇಲೇ ಬೀಳುತ್ತೆ.

ಮೌಶಿ — ಇಲ್ಲಿ ಅಕ್ಕಿ ಗಿರಣಿ ಮುಂದ 50 ಕಿಲೋದ ಚೀಲ ಇಟ್ಟಿರತಾರಲ್ಲ, ಅಷ್ಟು. ನನಗ ಲೆಕ್ಕ ಗೊತ್ತಿದ್ದಿಲ್ಲ, ಆದ್ರ ಭುಜಕ್ಕ ಗೊತ್ತಿತ್ತು.

ಹುಡುಗಿ — ಇನ್ನೊಂದಿದೆ. ವೇಗ ಇಮ್ಮಡಿ ಆದ್ರೆ ಎಳೆತ ಇಮ್ಮಡಿ ಆಗಲ್ಲ, ನಾಲ್ಕು ಪಟ್ಟಾಗುತ್ತೆ. ಅಂದ್ರೆ ಸುತ್ತ ನಿಂತವರು ಜೋರಾಗಿ ಜೋರಾಗಿ ಅಂತ ಕೂಗುವಾಗ ಸ್ವಲ್ಪ ವೇಗ ಏರಿಸಿದ್ರೂ ಕೈಗೆ ಬೀಳೋ ಹೊರೆ ನಾವು ಅಂದ್ಕೊಂಡದ್ದಕ್ಕಿಂತ ತುಂಬ ಜಾಸ್ತಿ.

ಮೌಶಿ — ಅದಕ್ಕ ಹೇಳೂದು, ಕೂಗೂವರ ಮಾತ ಕೇಳಬ್ಯಾಡ, ಕೈಯ ಮಾತ ಕೇಳು. ಈಗ ತೂಗಿ ನೋಡೂಣು. ತಿರುಗೂದಿಲ್ಲ, ನಿಂತಲ್ಲೇ. ಕಾಲಬೆರಳು ನನ್ನ ಕಾಲಬೆರಳಿಗೆ ಹತ್ತಿರ ತಾ. ಈಗ ನಿಧಾನಕ ಹಿಂದ ಬಾಗು. ಸೊಂಟ ಮುರೀಬ್ಯಾಡ, ಹಿಮ್ಮಡಿಯಿಂದ ತಲಿತನಕ ಒಂದ ಗೆರಿ. ಕೈ ಪೂರ್ತಿ ಚಾಚು, ಆದ್ರ ಮೊಣಕೈ ಬಿರುಸು ಮಾಡಬ್ಯಾಡ. ಜಗ್ಗೂದು ಬೆರಳಿಂದಲ್ಲ, ಬೆನ್ನಿಂದ. ಹೆದರತೀ ಏನು?

ಹುಡುಗಿ — ಸ್ವಲ್ಪ. ನೀವು ಬಿಟ್ರೆ ನಾನು ಮಲಗೇಬಿಡ್ತೀನಿ.

ಮೌಶಿ — ನೀ ಬಿಟ್ರ ನಾನೂ. ಇಲ್ಲೇ ನಿಲ್ಲು, ಉಸುರು ಬಿಡು. ಹೆದರಿದಾಕಿ ಮೊಣಕೈ ಮಡಚಿ ಎದಿಗೆ ಒತ್ತಿಕೋತಾಳ. ಅಂದ್ರ ಆಕಿ ಭಾರ ಕೊಡಲಿಕ್ಕೆ ಒಲ್ಲೆ ಅಂದಂಗ. ಆಕಿ ಕೊಡದಿದ್ರ ನನ್ನ ಭಾರಕ್ಕ ಎದುರಿಲ್ಲ, ನಾ ಹಿಂದಕ್ಕ ಹೋಗತೀನಿ. ಭಾಳಷ್ಟು ಅಪಘಾತ ಇಲ್ಲೇ ಹುಟ್ಟತಾವ, ಜೋರಿನಾಗ ಅಲ್ಲ. ಹೊಸಬರನ್ನ ಹಿಂಗ ನಿಂತಲ್ಲೇ ತೂಗಸಬೇಕು, ಮೈ ತಾನ ಒಪ್ಪೂತನಕ. ಯಾರೂ ಮಾಡಸೂದಿಲ್ಲ. ಕೈ ಹಿಡಿದವರನ್ನ ಜಗ್ಗಿ ನಡುವ ತಂದು ತಿರುಗಿಸಿಬಿಡತಾರ.

ಹುಡುಗಿ — ನಾನು ತೆಳ್ಳಗಿದೀನಿ, ನನ್ನ ನಾದಿನಿ ನನ್ನ ಒಂದೂವರೆಯಷ್ಟಿದಾಳೆ. ಅವಳ ಜೊತೆ ಆಗುತ್ತಾ?

ಮೌಶಿ — ಯಾಕಾಗೂದಿಲ್ಲ? ಆಕಿ ಕಡಿಮಿ ಬಾಗಬೇಕು, ನೀ ಹೆಚ್ಚು ಬಾಗಬೇಕು. ತಿರುಗೂ ನಡುಬಿಂದು ಆಕಿ ಕಡೆ ಸರೀತದ. ಹಂಗಾಗಿ ಆಕಿ ಸಣ್ಣ ಸುತ್ತು ಹಾಕತಾಳ, ನೀ ದೊಡ್ಡ ಸುತ್ತು ಹಾಕತಿ. ನಿಂತಲ್ಲೇ ತೂಗಿ ನೋಡಿದ್ರ ಇಬ್ಬರಿಗೂ ಹೇಳದನ ತಿಳೀತದ. ಎತ್ತರ ಭಾಳ ಹೆಚ್ಚುಕಡಿಮಿ ಇದ್ರ ಮಾತ್ರ ಕಷ್ಟ, ಎತ್ತರದಾಕಿಯ ಕೈ ಕೆಳಗ ಜಗ್ಗತದ.

ಹುಡುಗಿ — ಈಗಾದ್ರೂ ಕಾಲು ಹೇಳಿ.

ಮೌಶಿ — ಕಾಲಿನ ಮಾತು ಸಣ್ಣದು. ಪಾದ ಹತ್ತಿರ ಹತ್ತಿರ, ಸಣ್ಣ ಸಣ್ಣ ಹೆಜ್ಜಿ, ನೆಲ ಬಿಟ್ಟು ಎತ್ತರ ಏಳಬಾರದು. ಅಷ್ಟ. ನೆಲ ಮಾತ್ರ ನೋಡಿಕೋ. ಈ ಮನ್ಯಾಗ ಶಹಾಬಾದಿ ಫರ್ಸಿ ಅದ, ನಮ್ಮ ಕಲಬುರ್ಗಿ ಕಡಿ ಕಲ್ಲು, ಬರಿಗಾಲಿಗೆ ಹಿಡಿತ ಛಲೋ. ಹೊಸಾ ಫ್ಲ್ಯಾಟಿನ ನುಣುಪು ಟೈಲ್ಸ್ ಮಳಿಗಾಲದಾಗ ಬೆವರತಾವ. ಅಲ್ಲಿ ಆಡೂದಾದ್ರ ಒರಿಸಿ ಒಣಗಸಬೇಕು, ಚಾಪಿ ಹಾಸಿ ಆಡಬಾರದು, ಚಾಪಿ ಸರೀತದ. ಸೀರಿ ನೌವಾರಿ ಆಗಿರ್ಲಿ. ನಮ್ಮ ಕಚ್ಚಿ ಸೀರಿ ಇದ್ದಂಗ ಕಾಲಿಗೆ ಬಿಡಾಸ ಇರತದ.

ಹುಡುಗಿ — ತಲೆ ಸುತ್ತಿದ್ರೆ?

ಮೌಶಿ — ನನ್ನ ಮುಖ ನೋಡು. ಗೋಡಿ ನೋಡಬ್ಯಾಡ, ಮಂದಿ ನೋಡಬ್ಯಾಡ, ಕಣ್ಣು ಮುಚ್ಚಬ್ಯಾಡ.

ಹುಡುಗಿ — ಅದು ಸರಿ. ನನ್ನ ಜೊತೆ ಅಷ್ಟೇ ವೇಗದಲ್ಲಿ ತಿರುಗ್ತಿರೋದು ನಿಮ್ಮ ಮುಖ ಒಂದೇ, ಹಾಗಾಗಿ ಕಣ್ಣಿಗೆ ಅದೊಂದೇ ನಿಂತ ಹಾಗೆ ಕಾಣುತ್ತೆ. ನಿಂತ ಮೇಲೂ ತಲೆ ತಿರುಗೋದು ಯಾಕೆಂದ್ರೆ ಒಳಗಿವಿಯ ನಾಳಗಳಲ್ಲಿರೋ ದ್ರವ ಇನ್ನೂ ಹರೀತಾ ಇರುತ್ತೆ.

ಮೌಶಿ — ಅದಕ್ಕ ನಿಂತಕೂಡ್ಲೆ ಕೈ ಬಿಡಬಾರದು. ಇದು ಹಿಡಿಯೂದಕ್ಕಿಂತ ದೊಡ್ಡ ಪಾಠ. ಮೊದಲ ವೇಗ ಇಳಸು. ಆಮ್ಯಾಲೆ ಬಾಗಿದ ಮೈ ನೆಟ್ಟಗ ಮಾಡು. ಆಮ್ಯಾಲೆ ಒಬ್ಬರನ್ನೊಬ್ಬರು ಹತ್ತಿರ ತಂದು ಭುಜ ಹಿಡಕೊಂಡು ನಿಲ್ಲು. ಎದುರಿನಾಕಿಯ ಕಣ್ಣು ಸ್ಥಿರ ಆದಮ್ಯಾಲೆ ಬಿಡು. ನಿನ್ನ ತಲಿ ನೆಟ್ಟಗಾಯ್ತು ಅಂತ ಬಿಡಬಾರದು, ಆಕಿದು ಆಗ್ಯದೋ ಇಲ್ಲೋ ನೋಡಬೇಕು. ಒಂದು ಸಭಾಗೃಹದಾಗ ಸ್ಪರ್ಧೆ ಇಟ್ಟಿದ್ರು. ಶಿಳ್ಳಿ ಊದಿದ ಗಳಿಗ್ಗೆ ಒಬ್ಬಾಕಿ ಕೈ ಬಿಟ್ಟು ಚಪ್ಪಾಳಿ ತಟ್ಟಿದಳು, ಇನ್ನೊಬ್ಬಾಕಿ ವೇದಿಕೆ ಅಂಚಿಗೆ ಹೋಗಿ ಬಿದ್ದು ಮುಂಗೈ ಮುರಕೊಂಡಳು. ಮಂದಿ ಜೋರು ತಿರುಗಿದ್ದಕ್ಕ ಬಿದ್ದಳು ಅಂದ್ರು. ಅಲ್ಲ. ಬಿಟ್ಟದ್ದಕ್ಕ ಬಿದ್ದಳು.

ಹುಡುಗಿ — ಅತ್ತೆ ಮನೆಯಲ್ಲಿ ಇನ್ನೂ ಹಲವು ಬಗೆ ಆಡ್ತಾರಂತೆ.

ಮೌಶಿ — ಅದಾವ. ಒಬ್ಬರ ರಟ್ಟಿ ಇನ್ನೊಬ್ಬರು ಹಿಡಿಯೂ ದಂಡ ಫುಗಡಿ. ಮಣಿಕಟ್ಟಿಗೆ ಮಣಿಕಟ್ಟು ಹಿಡಿಯೂದೊಂದು, ವಯಸ್ಸಾದವರಿಗೆ ಇದು ಒಳ್ಳೇದು, ಬೆರಳ ಕಸುವು ಕಡಿಮಿ ಇದ್ರೂ ನಡೀತದ. ಕುಕ್ಕರಗಾಲಿನಾಗ ಕೂತು ಆಡೂ ಬಸ್ ಫುಗಡಿ, ಅದು ಮೊಣಕಾಲಿನ ಪರೀಕ್ಷಾ. ಒಂದ ಕೈಯ ಫುಗಡಿ, ಬೆರಳ ತುದಿ ಅಷ್ಟ ಸಿಗಿಸಿ ಆಡೂ ಫುಗಡಿ, ಇವೆರಡು ನಿನಗ ಈ ವರ್ಷ ಬ್ಯಾಡ. ಅದರ ಬದಲಿ ಮೊದಲ ಝಿಮ್ಮಾ ಆಡು. ಅದರಾಗ ಚಪ್ಪಾಳಿ ತನ್ನದು, ಚಪ್ಪಾಳಿ ಎದುರಿನಾಕಿದು. ಪ್ರತಿ ತಾಳಕ್ಕ ಕೈ ಕೂಡತಾವ, ಬಿಡತಾವ. ಒಬ್ಬರ ಕೈಯ ಜೋರು, ಚುರುಕು ಎಷ್ಟಂತ ಅಲ್ಲೇ ತಿಳೀತದ. ಯಾರ ಜೊತಿ ಫುಗಡಿಗೆ ಇಳೀಬೇಕು ಅನ್ನೂದು ಝಿಮ್ಮಾದಾಗ ಗೊತ್ತಾಗತದ.

ಹುಡುಗಿ — 2015ರಲ್ಲಿ ‘ಬಾಜಿರಾವ್ ಮಸ್ತಾನಿ’ ಸಿನಿಮಾದ ಪಿಂಗಾ ಹಾಡು ಬಂದ ಮೇಲೆ ಬೆಂಗಳೂರಿನ ಮದುವೆಗಳಲ್ಲೂ ನೌವಾರಿ ಉಟ್ಟು ಕುಣೀತಾರೆ. ನಾಶಿಕದಲ್ಲಿ ಮಂಗಳಗೌರಿಗೆ ಅಂತ್ಲೇ ತಂಡಗಳಿದಾವಂತೆ, ದುಡ್ಡು ಕೊಟ್ರೆ ಬಂದು ಆಡ್ತಾರೆ.

ಮೌಶಿ — ಆಡ್ಲಿ, ಅವರೂ ಹೆಣ್ಣುಮಕ್ಕಳೇ, ಅವರಿಗೂ ನಾಲ್ಕು ಕಾಸು ಬರ್ಲಿ. ಆಟಗಳ ಹೆಸರು ಉಳಿಸ್ಯಾರ, ಅದಕ್ಕ ಋಣ. ಆದ್ರ ನೋಡೂದರಿಂದ ಕೈ ಬರೂದಿಲ್ಲ ಮಗಳ. ಮನೀ ಹುಡುಗ್ಯಾರು ಕುರ್ಚಿ ಮ್ಯಾಲೆ ಕೂತು ಮೊಬೈಲಿನಾಗ ಹಿಡೀತಾರ, ಕೈ ಹಿಡಿಯೂದಿಲ್ಲ. ಆ ತಂಡದವರನ್ನ ಕರೆಸಿದವರು ಅರ್ಧ ತಾಸು ಪ್ರದರ್ಶನ ಕಡಿಮಿ ಮಾಡಿಸಿ, ಆ ಹೊತ್ತು ಮನಿಯವರಿಗೆ ಹಿಡಿತ ಕಲಿಸಿ ಅಂತ ಕೇಳಬೇಕು. ಅವರಿಗಿಂತ ಛಲೋ ಕಲಿಸೂವರು ಯಾರು?

ಹುಡುಗಿ — ನಮ್ಮ ಕಡೆ ಇದು ಇಲ್ವಾ?

ಮೌಶಿ — ಇಲ್ಲದೇನು? ಧಾರವಾಡ, ಬೆಳಗಾವಿ ಕಡಿ ಪಂಚಮಿಗೆ ಜೋಕಾಲಿ ಹೆಂಗೋ ಫುಗಡಿನೂ ಹಂಗ. ಶೇಂಗಾ ಉಂಡಿ ತಿಂದು ಓಣ್ಯಾಗ ಆಡತಿದ್ವಿ. ಯಲ್ಲಾಪುರ, ಹಳಿಯಾಳ ಕಡಿ ಸಿದ್ದಿ ಹೆಣ್ಣುಮಕ್ಕಳ ಫುಗಡಿ ನೋಡಬೇಕು ನೀ. ಗೋವಾದಾಗ ಕಲಶದ ಬಾಯಿಗೆ ಊದಿ ಆಡೂ ಫುಗಡಿನೂ ಅದ. ನಿಮ್ಮ ಮೈಸೂರು ಕಡಿ ಮಕ್ಕಳ ಅಪ್ಪಾಲೆ ತಿಪ್ಪಾಲೆ ಇನ್ನೇನು? ಅಲ್ಲಿ ಅದು ಮಕ್ಕಳ ಆಟ ಆಗಿ ಉಳೀತು, ಇಲ್ಲಿ ದೊಡ್ಡವರ ಕೈಯಾಗ ಬೆಳೀತು. ಈ ಘೋಟಿಯಿಂದ ಪಡುವಣಕ್ಕ ಜವ್ಹಾರ, ಮೋಖಾಡಾ ಕಡಿ ಹೋದ್ರ ವಾರ್ಲಿ ಮಂದಿ ತಾರ್ಪಾ ಕುಣೀತಾರ. ಅವರದು ಇಬ್ಬರ ಹಿಡಿತ ಅಲ್ಲ, ಸರಪಳಿ ಹಿಡಿತ. ಒಬ್ಬರ ಕೈ ಇನ್ನೊಬ್ಬರ ಬೆನ್ನ ಹಿಂದ ಹಾಯ್ದು ಸಾಲು ಕಟ್ಟತಾರ, ತಾರ್ಪಾ ಊದಾವನ ಹಿಂದ ಆ ಸಾಲು ಸುರುಳಿ ಸುತ್ತತದ. ವಾರ್ಲಿ ಚಿತ್ರಕಾರ ಜಿವ್ಯಾ ಸೋಮಾ ಮ್ಹಶೆ ಅವರ ಚಿತ್ರದಾಗ ಕಾಣೂ ಆ ಸುರುಳಿ ಅದ.

ಹುಡುಗಿ — ಮೌಶಿ, ಒಂದು ಕೇಳ್ಲಾ? ನನ್ನ ಅತ್ತೆಯ ತಂಗಿ, ಗಂಡ ಹೋಗಿ ಆರು ತಿಂಗಳಾಗಿಲ್ಲ. ಅವರೇ ಆ ಮನೇಲಿ ಎಲ್ಲರಿಗಿಂತ ಚೆನ್ನಾಗಿ ಆಡ್ತಿದ್ರಂತೆ. ಈ ಸಲ ಅವರು ಬರಲ್ಲ ಅಂದಿದಾರೆ.

ಮೌಶಿ — ಬರೂದಿಲ್ಲ ಅಂದಿಲ್ಲ ಆಕಿ. ಬರಬಾರದು ಅಂತ ಹೇಳ್ಯಾರ. ಮಂಗಳಗೌರಿ ಮುತ್ತೈದೆಯರದು ಅಂತ ಗೆರಿ ಎಳೆದು ಇಟ್ಟಾರ. ಪೂಜಿಗೆ ಯಾರನ್ನ ಕರೀತೀರಿ ಅದು ನಿಮ್ಮ ಮನಿ ಮಾತು, ನಾ ಬಾಯಿ ಹಾಕೂದಿಲ್ಲ. ಆದ್ರ ಆಟ? ಆಷಾಢದಾಗ ಪಂಢರಪುರಕ್ಕ ನಡಕೊಂಡು ಹೋಗೂ ಯಾತ್ರಿ, ವಾರಿ ಅಂತಾರಲ್ಲ, ಅದನ್ನ ನೋಡು. ಇಲ್ಲೇ ಹತ್ತಿರದ ತ್ರ್ಯಂಬಕದಿಂದ ಜ್ಞಾನೇಶ್ವರರ ಅಣ್ಣ ನಿವೃತ್ತಿನಾಥರ ಪಾಲಕಿ ಹೊರಡತದ. ಆ ದಾರಿಯಾಗ ಟಾಳ, ಮೃದಂಗದ ನಡುವ ಫುಗಡಿ ಹಾಕತಾರ. ಮುತ್ತೈದಿ, ಗಂಡ ಸತ್ತಾಕಿ, ಗಂಡಸರು, ಎಪ್ಪತ್ತರ ಮುದುಕಿ. ಅಲ್ಲಿ ಯಾವ ಜಾತಿ ಅಂತ ಕೇಳಿ ಕೈ ಹಿಡಿಯೂದಿಲ್ಲ. ತುಕಾರಾಮರ ಗಾಥೆಯಾಗ ಫುಗಡಿ ಮ್ಯಾಲೇ ಅಭಂಗ ಅದಾವ. ಸಂತರು ಹಾಡಿಗೆ ತಗೊಂಡ ಆಟ ಅದು. ಐವತ್ತು ಕಿಲೋ ಎಳೆತ ತಡೀಬೇಕಾದ ಕೈಗೆ ಕುಂಕುಮ ಅದನೋ ಇಲ್ಲೋ ಅಂತ ನೋಡಿ ಏನು ಮಾಡತೀರಿ? ಹಿಡಿತ ಬಲ್ಲ ಕೈ ಬೇಕು. ಆ ಮನ್ಯಾಗ ಆಕಿಗಿಂತ ಛಲೋ ಹಿಡಿಯೂವರು ಯಾರಿಲ್ಲ ಅಂದ್ರ, ನಿನಗ ಕಲಿಸಬೇಕಾದಾಕಿ ಆಕಿ.

ಹುಡುಗಿ — ನಾನು ಹೋಗಿ ಕರೀಲಾ?

ಮೌಶಿ — ಕರಿ. ಹೊಸಾ ಸೊಸಿ ಕರೆದ್ರ ಅಲ್ಲಗಳೀಲಿಕ್ಕೆ ಮನಿಯವರಿಗೂ ಕಷ್ಟ. ಆದ್ರ ಆಕಿ ಒಲ್ಲೆ ಅಂದ್ರ ಒತ್ತಾಯ ಬ್ಯಾಡ. ದುಃಖ ಆಕಿದು.

ಹುಡುಗಿ — ನನ್ನನ್ನೂ ಯಾರಾದ್ರೂ ಎಳೆದ್ರೆ? ಹೊಸ ಸೊಸೆ ಅಂತ ಎಲ್ಲರೂ ಸರದಿ ಹಾಕ್ತಾರಂತೆ, ಒಬ್ಬರಾದ ಮೇಲೆ ಒಬ್ಬರು. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ.

ಮೌಶಿ — ಮಾಡಿಕೊಳ್ಳಲಿ. ದಣಿದಿದ್ರ ದಣಿದೀನಿ ಅನ್ನು. ಮುಂದ ಬಸಿರಿದ್ರ ಕೂತು ತಾಳ ಹಾಕು. ಭುಜ ಮೊದಲ ನೊಂದಿದ್ರ, ರಕ್ತದೊತ್ತಡ ಇದ್ರ ಆಡಬಾರದು. ನೀನೂ ಹಂಗ. ಯಾರದರ ಕೈ ಹಿಡಿಯೂ ಮೊದಲ ಅವರ ಮುಖ ನೋಡಿ ಕೇಳು, ಆಡ್ತೀರಾ ಅಂತ. ಮಣಿಕಟ್ಟು ಹಿಡಿದು ಜಗ್ಗಿ ಎಬ್ಬಿಸೂದು ಫುಗಡಿಯ ಹಿಡಿತ ಅಲ್ಲ. ಭಾರ ಕೊಡಲಿಕ್ಕೆ ಮನಸ್ಸಿಲ್ಲದಾಕಿ ಜೊತಿ ತಿರುಗಿದ್ರ ಅಪಾಯ ಇಬ್ಬರಿಗೂ ಅದ, ಆಗಲೇ ಹೇಳಿದೆನಲ್ಲ. ಈಗ ಬಾ, ಇನ್ನೊಮ್ಮೆ ತೂಗೂಣು.

ಹುಡುಗಿ — ತಿರುಗೋದು?

ಮೌಶಿ — ನಾಳೆ. ಇವತ್ತು ಬರೇ ಹಿಡಿಯೂದು, ಬಾಗೂದು, ನೆಟ್ಟಗಾಗೂದು, ಬಿಡೂದು. ಮತ್ತ ಬೆಂಗಳೂರಿಗೆ ಹೋದಾಗ ನಿನ್ನ ಗೆಳತ್ಯಾರಿಗೆ ಕಲಿಸೂದಾದ್ರ ಹಿಂಗ ಕಲಿಸು. ಮೊದಲನೇ ದಿನ ಯಾರನ್ನೂ ತಿರುಗಸಬ್ಯಾಡ.